ಇಪ್ಪತ್ತು ಪಾಠ ಬಿಟ್ಟು ಮೂರೇ ಇಟ್ಟುಕೊಂಡೆ: ಹೆಣಿಗೆ ಕಲಿತ ನನ್ನ ಅನುಭವ

ಪಕ್ಕದಲ್ಲಿ ಕೂತು ತಿದ್ದುವವರಿಲ್ಲದೆ ಹೆಣಿಗೆ ಬರುವುದಿಲ್ಲ, ಪುಸ್ತಕ-ವಿಡಿಯೊ ನೋಡಿ ಹೆಣೆದದ್ದೆಲ್ಲ ಕೊನೆಗೆ ಕಾಲೊರಸು ಆಗುತ್ತದೆ ಅಂದವರೇ ಹೆಚ್ಚು. ಈಗ ಸಾಕ್ಸ್ ಜೋಡಿಯ ಎರಡೂ ಕಾಲು ಒಂದೇ ಅಳತೆಗೆ ಬರುತ್ತಿವೆ. ಸ್ವೆಟರ್ ಲೆಕ್ಕ ಹಾಕಿದ ಎದೆಸುತ್ತಳತೆಗೆ ಒಂದು ಸೆಂಟಿಮೀಟರ್ ಆಚೀಚೆ ಕೂರುತ್ತಿದೆ. ಅದಕ್ಕೇ ಬರೆಯುವ ಧೈರ್ಯ. ನಿಟ್ (ಸಾದಾ ಕುಣಿಕೆ), ಪರ್ಲ್ (ಅದರ ಉಲ್ಟಾ), ಕಾಸ್ಟ್ ಆನ್ (ಕಡ್ಡಿಗೆ ಮೊದಲ ಕುಣಿಕೆಗಳನ್ನು ಏರಿಸುವುದು) ಗೊತ್ತಿರುವವರಿಗೆ ಇದು. ಕಡ್ಡಿ ಹಿಡಿಯುವುದರಿಂದ ಶುರು ಮಾಡುವುದಿಲ್ಲ.

ಮೊದಲು ದುಡ್ಡಿನ ವಿಷಯ ಮುಗಿಸುತ್ತೇನೆ. ಮೊದಲ ವರ್ಷ ಹಾಕಿದ ಹಣದಲ್ಲಿ ಹತ್ತರಲ್ಲಿ ಆರು ಪಾಲು ಕೋರ್ಸು, ಕಿಟ್ಟು, ಕಡ್ಡಿ ಸೆಟ್ಟಿಗೇ ಹೋಯಿತು, ನೂಲಿಗೆ ಉಳಿದದ್ದು ನಾಲ್ಕು. ಸೆಟ್ಟಿನಲ್ಲಿ ಹದಿಮೂರೋ ಹದಿನಾಲ್ಕೋ ಅಳತೆಯ ಕಡ್ಡಿಗಳಿದ್ದವು, ಕೈಗೆ ಬಂದದ್ದು 3.25, 4 ಮತ್ತು 5 ಮಿ.ಮೀ. ಮಾತ್ರ. ಕಿಟ್ಟಿನಲ್ಲಿ ಬಂದ ನೂಲು ಕಡುಬಣ್ಣದ್ದು, ಮೇಲೆ ರೋಮ ಬೇರೆ. ಸ್ಟಿಚ್‌ನ (ಕುಣಿಕೆಯ) ಕಾಲು, ಅಂದರೆ ಅದರ ಎರಡು ಬದಿ, ಯಾವುದು, ನಡುವಿನ ಎಳೆ ಯಾವುದು ಅಂತ ಕಾಣುವುದೇ ಇಲ್ಲ. ಕಲಿಯಲು ನಯವಾದ, ತಿಳಿಬಣ್ಣದ, ಬಿಗಿಯಾಗಿ ಹೊಸೆದ ಡಿಕೆ (ಮಧ್ಯಮ ದಪ್ಪದ) ನೂಲಿನ ಎರಡು ಉಂಡೆ ಸಾಕು. ಇನ್ನು ಕೋರ್ಸು. ಇಪ್ಪತ್ತು ಗಂಟೆಯದ್ದು ಕೊಂಡರೆ ನಮಗೆ ಬೇಕಾದದ್ದು ಹದಿನಾಲ್ಕನೇ ಗಂಟೆಯಲ್ಲೆಲ್ಲೋ ಎರಡು ನಿಮಿಷ ಇರುತ್ತದೆ. ಆ ಎರಡು ನಿಮಿಷ ಬಿಟ್ಟಿಯಾಗಿಯೂ ಸಿಗುತ್ತದೆ, ಹುಡುಕುವ ಪದ ಗೊತ್ತಿದ್ದರೆ.

ಕೊನೆಗೆ ಕೆಲಸ ಮಾಡಿದ್ದು ಇಷ್ಟೇ: ಯಾವ ಪಾಠವನ್ನೂ ಮೊದಲಿಂದ ಕೊನೆಯವರೆಗೆ ನೋಡುವುದನ್ನು ಬಿಟ್ಟೆ. ತಂತ್ರಕ್ಕೆ ಒಂದು ದಪ್ಪ ಪುಸ್ತಕ, ಕೈ ಚಲನೆಗೆ ಒಂದು ವಿಡಿಯೊ ಚಾನೆಲ್, ಪ್ಯಾಟರ್ನ್‌ಗೆ ಒಂದು ಕಡತಕೋಶ, ಹೀಗೆ ಮೂರೇ ಮೂರು. ಒಳಗೆ ಬಿಡುವ ಮೊದಲು ಪ್ರತಿಯೊಂದಕ್ಕೂ ಒಂದು ಪರೀಕ್ಷೆ.

ವಿಡಿಯೊಗೆ ನನ್ನ ಪರೀಕ್ಷೆ ಲಾಂಗ್‌ಟೇಲ್ ಕಾಸ್ಟ್ ಆನ್. ಅಂಚು ಬಿಗಿಯಾಗಿ ಬಂದರೆ ಏನು ಮಾಡಬೇಕು ಅಂತ ಅವರು ಹೇಳುವುದನ್ನು ಕೇಳಬೇಕು. "ದಪ್ಪ ಕಡ್ಡಿ ತಗೊಳ್ಳಿ" ಅಂತ ಹೇಳಿ ಮುಂದೆ ಹೋದರೆ ಅಲ್ಲಿಗೆ ಮುಚ್ಚುತ್ತೇನೆ. ದಪ್ಪ ಕಡ್ಡಿಯಿಂದ ಮೊದಲ ಸಾಲಿನ ಕುಣಿಕೆ ಎತ್ತರವಾಗುತ್ತದೆ, ಸಡಿಲವಾಗಿ ಜೋತಾಡುತ್ತದೆ. ಅಂಚಿನ ಉದ್ದ ನಿರ್ಧಾರವಾಗುವುದು ಒಂದು ಸ್ಟಿಚ್‌ಗೂ ಮುಂದಿನ ಸ್ಟಿಚ್‌ಗೂ ನಡುವೆ ಬಿಟ್ಟ ನೂಲಿನಿಂದ. ಅದೇ ಕಡ್ಡಿಯಲ್ಲಿ, ಪ್ರತಿ ಸ್ಟಿಚ್ ಎಳೆದ ಮೇಲೆ ಬಲಗೈ ತೋರುಬೆರಳಿನ ತುದಿಯನ್ನು ಅದಕ್ಕೆ ತಾಗಿಸಿಟ್ಟು ಮುಂದಿನದನ್ನು ಹಾಕಿದರೆ ನಡುವಿನ ಜಾಗ ತಾನಾಗಿ ಸಮನಾಗಿರುತ್ತದೆ. ಇದನ್ನು ತೋರಿಸಿದವರು ಮಿಕ್ಕದ್ದನ್ನೂ ಸರಿಯಾಗಿ ತೋರಿಸುತ್ತಾರೆ. ಮೊದಲೇ ಬಿಟ್ಟುಕೊಳ್ಳುವ ನೂಲಿನ ಬಾಲದ ಉದ್ದಕ್ಕೆ ಕಡ್ಡಿಗೆ ಹತ್ತು ಸುತ್ತು ಸುತ್ತಿ, ಬಿಚ್ಚಿ ಅಳೆದು, ಗುಣಿಸಿ, ಮೇಲೊಂದು ಗೇಣು ಸೇರಿಸುವ ಲೆಕ್ಕ ಎಲ್ಲರಿಗೂ ಗೊತ್ತು, ಅದರಲ್ಲಿ ಹೇಳುವುದೇನಿಲ್ಲ.

ಎರಡನೇ ಪರೀಕ್ಷೆಯೇ ನಿಜವಾದ ಜರಡಿ. ಸ್ಟಿಚ್ ಕಡ್ಡಿಯ ಮೇಲೆ ಹೇಗೆ ಕೂತಿದೆ ಎಂಬುದನ್ನು ಪಾಠದಲ್ಲಿ ಹೇಳಿದ್ದಾರೆಯೇ? ಇದನ್ನು ಬಿಟ್ಟದ್ದರಿಂದ ಎಷ್ಟು ನೂಲು ಹಾಳಾಗಿದೆ ಎಂದರೆ ಲೆಕ್ಕವಿಲ್ಲ. ಪರ್ಲ್ ಮಾಡುವಾಗ ನೂಲು ಕಡ್ಡಿಯ ಮೇಲಿಂದ ಬರುವ ಬದಲು ಕೆಳಗಿನಿಂದ ಕೊಕ್ಕೆ ಹಾಕಿ ಎಳೆದರೆ ಕೈಗೆ ಸುಲಭ, ವೇಗವೂ ಹೆಚ್ಚು. ಆದರೆ ಹಾಗೆ ಹುಟ್ಟಿದ ಸ್ಟಿಚ್‌ನ ಬಲಗಾಲು ಕಡ್ಡಿಯ ಹಿಂದೆ ಹೋಗಿ ಕೂರುತ್ತದೆ. ಮುಂದಿನ ಸಾಲಿನಲ್ಲಿ ವಿಡಿಯೊ ಹೇಳಿದಂತೆ ಮುಂದಿನ ಕಾಲಿಗೆ ಕಡ್ಡಿ ಚುಚ್ಚಿದರೆ ಅದರ ಬುಡ ಅಡ್ಡಡ್ಡ ತಿರುಚಿಕೊಳ್ಳುತ್ತದೆ. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದರೆ ಒಂದು ಸಾಲಿನ ವಿ ಆಕಾರದ ಸ್ಟಿಚ್ ಬಾಯಿ ತೆರೆದಿರುತ್ತದೆ, ಮುಂದಿನ ಸಾಲಿನದ್ದು ಬುಡದಲ್ಲಿ ಕತ್ತರಿ ಹಾಕಿಕೊಂಡಿರುತ್ತದೆ. ತಮಾಷೆ ಏನೆಂದರೆ ಇದೇ ಕೈ ಸರ್ಕ್ಯುಲರ್ (ನಡುವೆ ತಂತಿಯಿಂದ ಜೋಡಿಸಿದ) ಕಡ್ಡಿಯಲ್ಲಿ ಟೋಪಿ ಹೆಣೆದರೆ ಒಂದೂ ತಿರುಚುವುದಿಲ್ಲ, ಏಕೆಂದರೆ ಸುತ್ತಿನ ಸಾದಾ ಹೆಣಿಗೆಯಲ್ಲಿ ಪರ್ಲ್ ಸಾಲೇ ಇಲ್ಲ. ಟೋಪಿ ಚೆನ್ನಾಗಿ ಬಂತು, ಮಫ್ಲರ್ ಕೆಟ್ಟಿತು, ಹಾಗಾದರೆ ನೂಲೇ ಸರಿಯಿಲ್ಲ ಅಂತ ನೂಲಿಗೆ ಬೈದು ಮೂರು ಉಂಡೆ ಬೇರೆ ಕೊಂಡದ್ದುಂಟು.

ಪರಿಹಾರ ಎರಡು. ಪರ್ಲ್ ಸುತ್ತುವ ದಿಕ್ಕು ಬದಲಿಸಬೇಕು, ಇಲ್ಲವೇ ಮುಂದಿನ ಸಾಲಿನಲ್ಲಿ ಹಿಂದಿನ ಕಾಲಿಗೆ ನಿಟ್ ಮಾಡಬೇಕು. ಎರಡನೆಯದನ್ನು ಕಾಂಬಿನೇಷನ್ ಹೆಣಿಗೆ ಅನ್ನುತ್ತಾರೆ, ಅದೇನೂ ತಪ್ಪಲ್ಲ. ಎರಡು ಸ್ಟಿಚ್ ಒಟ್ಟಿಗೆ ಹೆಣೆಯುವ ಕಡೆ ಮಾತ್ರ ಎಚ್ಚರ ಬೇಕು: ಎಡಕ್ಕೆ ವಾಲುವ ಇಳಿಕೆ ನೇರವಾಗಿ ಬರುತ್ತದೆ, ಬಲಕ್ಕೆ ವಾಲಬೇಕಾದರೆ ಎರಡೂ ಸ್ಟಿಚ್ ತಿರುಗಿಸಿ ಕೂರಿಸಿಕೊಳ್ಳಬೇಕು. ಎಸ್‌ಎಸ್‌ಕೆ (ಎರಡು ಸ್ಟಿಚ್ ಜಾರಿಸಿ ಒಟ್ಟಿಗೆ ಹೆಣೆಯುವ ಇಳಿಕೆ) ಮಾಡುವಾಗ ಒಂದೊಂದಾಗಿ ನಿಟ್ ರೀತಿಯಲ್ಲಿ ಯಾಕೆ ಜಾರಿಸಬೇಕು ಎಂಬುದಕ್ಕೂ ಉತ್ತರ ಇದೇ, ಕಾಲು ತಿರುಗಲಿ ಅಂತ. "ಜಾರಿಸಿ, ಜಾರಿಸಿ, ಹೆಣೆಯಿರಿ" ಅಂತ ಮಂತ್ರದ ಹಾಗೆ ಹೇಳಿ ಬಿಡುವ ಪಾಠ ನನ್ನ ಪಟ್ಟಿಯಲ್ಲಿಲ್ಲ.

ವಿಡಿಯೊ ಹುಡುಕಲು "ಹೆಣಿಗೆ ಕಲಿಯುವುದು ಹೇಗೆ" ಅಂತ ಹಾಕಿದರೆ ಅದೇ ಹತ್ತು ಮುಖಗಳು ಬರುತ್ತವೆ. ತಪ್ಪಿನ ಹೆಸರು ಹಾಕಬೇಕು. ನನ್ನಲ್ಲಿ ಇಂಥ ಪದಗಳ ಒಂದು ಪಟ್ಟಿಯೇ ಇದೆ. ಪೂರ್ತಿ ಕೊಡುವುದಿಲ್ಲ, ಎರಡು ಕೊಡುತ್ತೇನೆ: ಕಡ್ಡಿ ಬದಲಾಗುವ ಕಡೆ ಏಣಿಯಂತೆ ಸಡಿಲ ಬರುವುದಕ್ಕೆ "ಲ್ಯಾಡರಿಂಗ್", ಪರ್ಲ್ ಸಾಲು ನಿಟ್ ಸಾಲಿಗಿಂತ ಸಡಿಲವಾಗಿ ಹಿಂಬದಿಯಲ್ಲಿ ಗೆರೆ ಬೀಳುವುದಕ್ಕೆ "ರೋಯಿಂಗ್ ಔಟ್". ಸಿಕ್ಕಿದ ವಿಡಿಯೊವನ್ನು ಕಾಲು ವೇಗಕ್ಕೆ ಇಳಿಸಿ ನೋಡಿ. ಯೂಟ್ಯೂಬ್‌ನಲ್ಲಿ ನಿಲ್ಲಿಸಿಟ್ಟು ಕೀಬೋರ್ಡಿನ ಅಲ್ಪವಿರಾಮ, ಪೂರ್ಣವಿರಾಮ ಒತ್ತಿದರೆ ಒಂದೊಂದೇ ಚಿತ್ರ ಹಿಂದೆ ಮುಂದೆ ಸರಿಯುತ್ತದೆ. ನೂಲು ಕಡ್ಡಿಯ ಮೇಲಿಂದ ಬಂತೋ ಕೆಳಗಿಂದಲೋ ಅಂತ ಆಗ ಸಂಶಯವೇ ಉಳಿಯುವುದಿಲ್ಲ. ಒಂದು ಸ್ಟಿಚ್ ತೋರಿಸಿ ನಿಲ್ಲಿಸುವವರಿಗಿಂತ ನಾಲ್ಕು ಸಾಲು ಹೆಣೆದು ಬಟ್ಟೆ ತೋರಿಸುವವರು ಮೇಲು.

ಪುಸ್ತಕಕ್ಕೆ ಒಂದೇ ಪುಟ ನೋಡಿದರೆ ಸಾಕು: ಹೆಣೆದ ಬಟ್ಟೆಯ ಅಂಚಿನಿಂದ ಹೊಸ ಸ್ಟಿಚ್ ಎತ್ತಿಕೊಳ್ಳುವ ಪುಟ. "ಸಮನಾಗಿ ಎತ್ತಿಕೊಳ್ಳಿ" ಅಂತ ಬರೆದಿದ್ದರೆ ವಾಪಸ್ ಕಪಾಟಿಗೆ. ನಿಟ್-ಪರ್ಲ್ ಸಾದಾ ಬಟ್ಟೆಗೆ ನಾಲ್ಕು ಸಾಲಿಗೆ ಮೂರು, ಗಾರ್ಟರ್‌ಗೆ (ಎಲ್ಲ ಸಾಲೂ ನಿಟ್) ಎರಡು ಸಾಲಿಗೆ ಒಂದು ಅಂತ ಅನುಪಾತ ಕೊಟ್ಟಿರಬೇಕು, ಕಾರಣವೂ ಇದ್ದರೆ ಇನ್ನೂ ಒಳ್ಳೆಯದು. ಹತ್ತು ಸೆಂ.ಮೀ.ಗೆ 22 ಸ್ಟಿಚ್, 30 ಸಾಲು ಇದ್ದರೆ 22ನ್ನು 30ರಿಂದ ಭಾಗಿಸಿ, 0.73 ಬರುತ್ತದೆ, ಅಂದರೆ ಹತ್ತಿರ ಹತ್ತಿರ ಮುಕ್ಕಾಲು. ಹೆಚ್ಚು ಎತ್ತಿದರೆ ಕುತ್ತಿಗೆ ಪಟ್ಟಿ ಅಲೆಅಲೆಯಾಗುತ್ತದೆ, ಕಡಿಮೆ ಎತ್ತಿದರೆ ಸುಕ್ಕುಗಟ್ಟುತ್ತದೆ. ಇಂಥ ಪುಸ್ತಕ ಲೈಬ್ರರಿಯಿಂದ ತಂದು ಎರಡು ಸಲ ನವೀಕರಿಸಿ, ಮೂರನೇ ಸಲವೂ ಬೇಕೆನಿಸಿದರೆ ಮಾತ್ರ ಕೊಳ್ಳುವುದು. ಹೀಗೆ ಕೊಂಡದ್ದು ಎರಡು, ತಿರಸ್ಕರಿಸಿದ್ದು ಹದಿನೈದರ ಮೇಲೆ.

ಪ್ಯಾಟರ್ನ್‌ಗೆ ರೇವೆಲ್ರಿ ಜಾಲತಾಣ. 2007ರಲ್ಲಿ ಶುರುವಾದದ್ದು, ಖಾತೆ ತೆರೆಯಲು ದುಡ್ಡಿಲ್ಲ. ಅಲ್ಲಿನ ಚಂದದ ಮುಖಚಿತ್ರ ನೋಡಿ ಮರುಳಾಗಬಾರದು. ಅದೇ ಪ್ಯಾಟರ್ನ್ ಹೆಣೆದ ಬೇರೆಯವರ ಪ್ರಾಜೆಕ್ಟ್ ಪುಟಗಳಿಗೆ ಹೋಗಿ "ಹೆಲ್ಪ್‌ಫುಲ್" ಗುರುತಿನ ಟಿಪ್ಪಣಿಗಳನ್ನು ಓದಬೇಕು. ತೋಳು ಬಿಗಿ, ಕುತ್ತಿಗೆ ಅಗಲ, ನೂಲು ಸಾಲಲಿಲ್ಲ ಎಲ್ಲ ಅಲ್ಲೇ ಇರುತ್ತದೆ. ಕನಿಷ್ಠ ಮೂವತ್ತು ಜನ ಹೆಣೆದು ಮುಗಿಸಿರದ ಸ್ವೆಟರ್‌ಗೆ ನಾನು ಕೈ ಹಾಕುವುದಿಲ್ಲ.

ಕೊಳ್ಳುವ ಮೊದಲು ಪುಟದಲ್ಲಿ ಗೇಜ್ (ಹತ್ತು ಸೆಂ.ಮೀ.ಗೆ ಎಷ್ಟು ಸ್ಟಿಚ್, ಎಷ್ಟು ಸಾಲು) ಇದೆಯೇ, ಅದು ತೊಳೆದ ಮೇಲಿನದ್ದೇ, ನೂಲು ಮೀಟರಿನಲ್ಲಿ ಹೇಳಿದ್ದಾರೆಯೇ ಅಥವಾ ಬರೀ "ಐದು ಉಂಡೆ" ಅಂದಿದ್ದಾರೆಯೇ ನೋಡಿ. ಉಂಡೆಯ ಲೆಕ್ಕಕ್ಕೆ ಅರ್ಥವೇ ಇಲ್ಲ; ನೂರು ಗ್ರಾಂನಲ್ಲಿ ಸಪೂರದ ಫಿಂಗರಿಂಗ್ ನೂಲು ಸುಮಾರು 400 ಮೀಟರ್ ಬಂದರೆ ಡಿಕೆ 220-250, ಅದಕ್ಕಿಂತ ದಪ್ಪದ ವರ್ಸ್ಟೆಡ್ 200ರ ಆಸುಪಾಸು. ಗೇಜ್ ಎರಡು ಸ್ಟಿಚ್ ತಪ್ಪಿದರೆ ಏನು ಮಹಾ ಅನ್ನುವವರಿಗೆ: 200 ಸ್ಟಿಚ್‌ನ ಮೈ, ಹತ್ತು ಸೆಂ.ಮೀ.ಗೆ 22 ಬಂದರೆ 91 ಸೆಂ.ಮೀ., 20 ಬಂದರೆ 100. ಒಂದು ಇಡೀ ಸೈಜಿನ ವ್ಯತ್ಯಾಸ. ಸ್ವಾಚ್ (ಮಾದರಿ ತುಂಡು) 15 ಸೆಂ.ಮೀ. ಅಗಲ ಇರಲಿ, ತೊಳೆದು ಒಣಗಿಸಿ ನಡುವಿನ 10 ಮಾತ್ರ ಅಳೆಯಿರಿ.

ಪ್ಯಾಟರ್ನ್ ತೆರೆದ ಕೂಡಲೇ ಪೆನ್ಸಿಲ್ ಹಿಡಿದು ಲೆಕ್ಕ. ರ್‍ಯಾಗ್ಲಾನ್ (ಕುತ್ತಿಗೆಯಿಂದ ಕಂಕುಳಿಗೆ ಓರೆ ಗೆರೆ ಬರುವ) ಸ್ವೆಟರಿನ ಕುತ್ತಿಗೆ 96 ಸ್ಟಿಚ್ಚಿನಿಂದ ಶುರು, ಒಂದು ಏರಿಕೆ ಸುತ್ತಿಗೆ 8, ಇಂಥ 24 ಸುತ್ತು: 96 ಮತ್ತು 192 ಸೇರಿ 288. ಅವರು 280 ಅಂದಿದ್ದರೆ ಒಂದು ಸುತ್ತು ಎಲ್ಲೋ ನುಂಗಿದ್ದಾರೆ. ಲೇಸ್ ಆದರೆ ಪ್ರತಿ ಸಾಲಿನಲ್ಲಿ ಯಾರ್ನ್ ಓವರ್ (ತೂತಿಗಾಗಿ ಕಡ್ಡಿಗೆ ಹಾಕುವ ಹೆಚ್ಚುವರಿ ಸುತ್ತು) ಎಷ್ಟಿವೆಯೋ ಇಳಿಕೆ ಅಷ್ಟೇ ಇರಬೇಕು, ಮೂರನ್ನು ಒಂದಾಗಿಸುವುದನ್ನು ಎರಡೆಂದು ಎಣಿಸಿ. ಸಾಲು ಸರಿಹೊಂದದಿದ್ದರೆ ಬೇರೆ ಸಾಲಿನಲ್ಲಿ ಅದರ ಬಾಕಿ ತೀರಿಸಿರಬೇಕು, ಇಲ್ಲವಾದರೆ ಅಚ್ಚಿನ ತಪ್ಪು. ಹತ್ತು ನಿಮಿಷದ ಈ ಕೆಲಸ ಬಿಟ್ಟದ್ದಕ್ಕೆ ಒಂದು ಶಾಲು 60ನೇ ಸಾಲಿನಿಂದ ಬಿಚ್ಚಬೇಕಾಯಿತು, ಲೈಫ್‌ಲೈನ್ (ಬಿಚ್ಚುವಾಗ ತಡೆಯಲು ಸಾಲಿಗೆ ಪೋಣಿಸುವ ದಾರ) ಕೂಡ ಹಾಕಿರಲಿಲ್ಲ. ಹಣದ ದೃಷ್ಟಿಯಿಂದಲೂ ನೋಡಿ: ದುಡ್ಡು ಕೊಟ್ಟು ಕೊಂಡ ಒಳ್ಳೆಯ ಪ್ಯಾಟರ್ನ್ ಹೆಚ್ಚೆಂದರೆ ಒಂದೆರಡು ಉಂಡೆಯ ಬೆಲೆ, ಬಿಟ್ಟಿ ಸಿಕ್ಕಿದ ಕೆಟ್ಟ ಪ್ಯಾಟರ್ನ್ ಒಂದು ಸ್ವೆಟರ್‌ನ ಅಷ್ಟೂ ಉಂಡೆ ತಿನ್ನುತ್ತದೆ.

ಈಗ ಕಂಪ್ಯೂಟರ್ ಬಿಡಿಸಿದ ಚಿತ್ರಗಳ ಹಾವಳಿ ಬೇರೆ. ಚಿತ್ರ ಹಿಗ್ಗಿಸಿ ಒಂದು ವಿ ಕಂಬವನ್ನು ಕೆಳಗಿನಿಂದ ಮೇಲಕ್ಕೆ ಬೆರಳಲ್ಲಿ ಹಿಂಬಾಲಿಸಿ. ನಡುವೆ ಕಂಬ ಕರಗಿ ಪಕ್ಕದ್ದರಲ್ಲಿ ಸೇರಿದರೆ, ಕೇಬಲ್ (ಜಡೆಯ ನಮೂನೆ) ಒಂದು ಕಡೆ ಹೊಕ್ಕು ಮತ್ತೆ ಹೊರಬರದಿದ್ದರೆ, ಅದನ್ನು ಯಾರೂ ಹೆಣೆದಿಲ್ಲ.

ಹೆಸರು ಮತ್ತು ಸಂಖ್ಯೆಗಳ ಗೊಂದಲ ಒಮ್ಮೆ ಬಗೆಹರಿದರೆ ಅರ್ಧ ಜಗತ್ತಿನ ಪ್ಯಾಟರ್ನ್ ನಿಮ್ಮದೇ. 8ನೇ ನಂಬರ್ ಕಡ್ಡಿ ಅಂದರೆ ಅಮೆರಿಕದಲ್ಲಿ 5 ಮಿ.ಮೀ., ಹಳೆಯ ಬ್ರಿಟಿಷ್ ಲೆಕ್ಕದಲ್ಲಿ 4, ಜಪಾನಿನಲ್ಲಿ 4.5. ಬ್ರಿಟಿಷರದ್ದು ತಿರುವು ಮುರುವು, ನಂಬರ್ ಏರಿದಷ್ಟೂ ಕಡ್ಡಿ ಸಪೂರ. 14 ಅಂದರೆ 2 ಮಿ.ಮೀ. ಬ್ರಿಟಿಷರ ಮಾಸ್ ಸ್ಟಿಚ್ಚನ್ನು ಅಮೆರಿಕದವರು ಸೀಡ್ ಸ್ಟಿಚ್ ಅನ್ನುತ್ತಾರೆ, ಅಮೆರಿಕದವರ ಮಾಸ್ ಸ್ಟಿಚ್ ಎರಡೆರಡು ಸಾಲಿಗೆ ಬದಲಾಗುವ ಬೇರೆಯೇ ನಮೂನೆ. "ಪ್ಲೈ" ಕೂಡ ಎಳೆಯ ಎಣಿಕೆ ಅಂದುಕೊಂಡು ಮೋಸ ಹೋಗಬೇಡಿ; ಆಸ್ಟ್ರೇಲಿಯಾದ 8 ಪ್ಲೈ ಅಂದರೆ ನಮ್ಮ ಡಿಕೆಯೇ. ಭಾಷೆ ಬಾರದಿದ್ದರೂ ಜಪಾನಿ ಪುಸ್ತಕ ಹೆಣೆಯಬಹುದು, ಅವರ ಚಿಹ್ನೆಗಳಿಗೆ ರಾಷ್ಟ್ರೀಯ ಮಾನದಂಡವಿದೆ. ಚಾರ್ಟ್ (ಚೌಕುಳಿ ನಕ್ಷೆ) ಬಟ್ಟೆಯ ಮುಂಬದಿ ಕಂಡಂತೆ ಇರುತ್ತದೆ ಅನ್ನುವುದೊಂದು ನೆನಪಿದ್ದರೆ ಆಯಿತು.

ಖುಷಿಗೆ ಮಾಡಿದ ಒಂದೆರಡು ಪ್ರಯೋಗ. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಹೆಣಿಗೆ ಸಂಗ್ರಹದಲ್ಲಿರುವ 19ನೇ ಶತಮಾನದ ಕೈಪಿಡಿಗಳು ಸ್ಕ್ಯಾನ್ ಆಗಿ ಬಿಟ್ಟಿ ಸಿಗುತ್ತವೆ. ಗೇಜ್ ಇಲ್ಲ, ಚಾರ್ಟ್ ಇಲ್ಲ, ಪರ್ಲ್‌ಗೆ "ಸೀಮ್" ಅಂತಲೂ ಬರೆದಿರುತ್ತಾರೆ. ಅದರಲ್ಲಿನ ಲೇಸ್ ಅಂಚುಗಳನ್ನು ಸಾಲುಸಾಲಾಗಿ ಚೌಕುಳಿ ಹಾಳೆಗೆ ಇಳಿಸಿದರೆ ಪದಬಂಧ ಬಿಡಿಸಿದ ಹಾಗೆ. ಐದರಲ್ಲಿ ಮೂರು ಸರಿಯಾಗಿ ಬಂದವು.

ಇನ್ನೊಂದು, ಕಾಸ್ಟ್ ಆನ್ ಹಿಗ್ಗುವಿಕೆ. ಒಂದೇ ಡಿಕೆ ನೂಲು, 4 ಮಿ.ಮೀ., 40 ಸ್ಟಿಚ್, ಒಂದು-ಒಂದರ ರಿಬ್ (ಒಂದು ನಿಟ್, ಒಂದು ಪರ್ಲ್) ಹತ್ತು ಸಾಲು. ಎಳೆದಾಗ ಕೇಬಲ್ ಕಾಸ್ಟ್ ಆನ್ 20 ಸೆಂ.ಮೀ.ಗೆ ನಿಂತಿತು, ಲಾಂಗ್‌ಟೇಲ್ 24ರ ಹತ್ತಿರ, ಜರ್ಮನ್ ಟ್ವಿಸ್ಟೆಡ್ 27-28. ಅಂದಿನಿಂದ ಸಾಕ್ಸ್ ಬಾಯಿಗೆ ಮೂರನೆಯದೇ. ಅದಕ್ಕೆ ಬಾಲ ಮಾಮೂಲಿಗಿಂತ ಹೆಚ್ಚು ಬಿಡಬೇಕು, ಎಷ್ಟು ಅನ್ನುವುದು ನಿಮ್ಮ ಕೈ ಬಿಗಿ ನೋಡಿ. ಬೆರಳಿಗೆ ನೂಲು ಸುತ್ತುವ ನನ್ನ ರೀತಿ ಮಾತ್ರ ಕೇಳಬೇಡಿ, ಅದು ಹೇಳುವಂಥದ್ದಲ್ಲ.

ಸದ್ಯ ಕಡ್ಡಿಯ ಮೇಲಿರುವುದು ರೋಯಿಂಗ್ ಔಟ್ ಪ್ರಯೋಗ. ತುದಿ ಬದಲಿಸುವ ಸರ್ಕ್ಯುಲರ್‌ಗೆ ಒಂದು ಕಡೆ 4, ಇನ್ನೊಂದು ಕಡೆ 3.75 ತುದಿ ಹಾಕಿ ಪರ್ಲ್ ಸಾಲನ್ನೆಲ್ಲ ಸಪೂರದ್ದರಲ್ಲೇ ಹೆಣೆಯುತ್ತಿದ್ದೇನೆ. ಇಪ್ಪತ್ತು ಸಾಲಿಗೆ ಹಿಂಬದಿಯ ಗೆರೆ ಬಹುತೇಕ ಮಾಯ. 3.5 ಹಾಕಿದಾಗ ಗೆರೆ ಉಲ್ಟಾ ಬಿತ್ತು, ನಿಟ್ ಸಾಲೇ ಸಡಿಲ ಕಂಡಿತು. ತೊಳೆದ ಮೇಲೆ ಎಷ್ಟು ನಿಲ್ಲುತ್ತದೆ ನೋಡಬೇಕು, ಸ್ವಾಚ್ ಇನ್ನೂ ಒದ್ದೆಯಿದೆ.