ಮೇರಿ ರಾಣಿಯ ಹುಟ್ಟುಹಬ್ಬಕ್ಕೆ ಚೆಲ್ಲೊ ನುಡಿಸಿದೆ

ಸಂಗೀತ ರಚನಕಾರ ಹೆನ್ರಿ ಪರ್ಸೆಲ್ ಇಂಗ್ಲೆಂಡಿನ ರಾಣಿ ಎರಡನೆಯ ಮೇರಿಯ ಹುಟ್ಟುಹಬ್ಬಕ್ಕೆಂದು 1689ರಿಂದ 1694ರವರೆಗೆ ವರ್ಷಕ್ಕೊಂದರಂತೆ ಆರು ಸ್ತುತಿಗೀತೆಗಳನ್ನು ರಚಿಸಿದ. ಕೊನೆಯದು ‘ಕಮ್ ಯೀ ಸನ್ಸ್ ಆಫ್ ಆರ್ಟ್’. ಲಂಡನ್ನಿನ ನಮ್ಮ ಹವ್ಯಾಸಿ ತಂಡ ಅದನ್ನು ಕೈಗೆತ್ತಿಕೊಂಡಾಗ ಪಿಟೀಲಿನ ಜಾತಿಯ ದೊಡ್ಡ ಮಂದ್ರವಾದ್ಯ ಚೆಲ್ಲೊ ನನ್ನ ಪಾಲಿಗೆ ಬಂತು. ಸಾಹಿತ್ಯ ಓದಿದರೆ ಹೊಗಳಿಕೆಯ ಮೇಲೆ ಹೊಗಳಿಕೆ. ಇದನ್ನು ಮನಸ್ಸಿಟ್ಟು ನುಡಿಸಬಲ್ಲೆನೇ ಎಂದು ಅಳುಕಾಯಿತು.

ನನ್ನನ್ನು ಹೆಚ್ಚು ದುಡಿಸಿದ್ದು ‘ಸೌಂಡ್ ದ ಟ್ರಂಪೆಟ್’ ಎಂಬ ಭಾಗ. ಕಹಳೆ ಊದಿರಿ ಎನ್ನುತ್ತಾರೆ, ಆದರೆ ಒಂದು ಟ್ರಂಪೆಟ್ಟೂ ಅಲ್ಲಿ ನುಡಿಯುವುದಿಲ್ಲ. ತಾರಸ್ಥಾಯಿಯ ಎರಡು ಗಂಡು ಕಂಠಗಳೇ ಕಹಳೆಯಾಗುತ್ತವೆ. ಕೆಳಗೆ ಮಂದ್ರದಲ್ಲಿ ಒಂದು ಪುಟ್ಟ ಸ್ವರಗುಚ್ಛ ಸುತ್ತುತ್ತಲೇ ಇರುತ್ತದೆ. ಇದಕ್ಕೆ ಗ್ರೌಂಡ್ ಬಾಸ್ ಎನ್ನುತ್ತಾರೆ. ಚೆಲ್ಲೊ ನುಡಿಸಬೇಕಾದದ್ದು ಇದನ್ನೇ. ಧಾರವಾಡದಲ್ಲಿ ಹುಡುಗನಾಗಿದ್ದಾಗ ತಬಲಾ ಸೋಲೊಗೆ ಹಾರ್ಮೋನಿಯಂನಲ್ಲಿ ಲೆಹರಾ, ಅಂದರೆ ತಾಳದ ಸುತ್ತು ತೋರಿಸಲು ಮತ್ತೆ ಮತ್ತೆ ಬರುವ ಧಾಟಿ, ನುಡಿಸುತ್ತಿದ್ದೆ. ಅದೇ ಧೈರ್ಯದಿಂದ ಪ್ರತಿ ಸುತ್ತಿನ ಮೊದಲ ಸ್ವರವನ್ನು ಸಮ್‌ನಂತೆ, ಅಂದರೆ ತಾಳದ ಮೊದಲ ಪೆಟ್ಟಿನಂತೆ, ಒತ್ತಿ ನುಡಿಸಿದೆ. ಹಾಡು ತುಂಡುತುಂಡಾಯಿತು.

ತಪ್ಪು ಎಲ್ಲಿದೆಯೆಂದು ತಿಳಿಯಲು ಎರಡು ವಾರ ಹಿಡಿಯಿತು. ತಬಲಾ ವಾದಕ ಎಷ್ಟು ದೂರ ಹೋದರೂ ಲೆಹರಾದ ಸಮ್‌ಗೆ ಮರಳುತ್ತಾನೆ. ಪರ್ಸೆಲ್‌ನ ಗಾಯಕರು ಹಾಗಲ್ಲ. ಬಾಸ್‌ನ ಸುತ್ತು ಮುಗಿದರೂ ಎಷ್ಟೋ ಕಡೆ ಅವರ ಸಾಲು ಮುಗಿದಿರುವುದಿಲ್ಲ. ಬೆಸುಗೆ ಕಾಣದಂತೆ ಆತ ಹೆಣೆದಿದ್ದಾನೆ. ನನ್ನ ಹಾಳೆಯ ಮೇಲೆ ಗಾಯಕರ ಪದಗಳನ್ನು ಪೆನ್ಸಿಲ್‌ನಲ್ಲಿ ಬರೆದುಕೊಂಡೆ, ಅವರು ಉಸಿರೆಳೆಯುವ ಕಡೆಗಳನ್ನು ಗುರುತಿಸಿದೆ. ಮನೆಯಲ್ಲಿ ನುಡಿಸುತ್ತಲೇ ಒಮ್ಮೆ ಒಂದು ಕಂಠ, ಇನ್ನೊಮ್ಮೆ ಮತ್ತೊಂದು ಕಂಠ ಹಾಡಿಕೊಂಡೆ. ಅವರು ಉಸಿರೆಳೆಯುವಲ್ಲಿ ನನ್ನ ಕಮಾನು ತಾನಾಗಿ ಹಗುರಾಗತೊಡಗಿತು. ನನ್ನ ಚೆಲ್ಲೊದ ತಂತಿಗಳು ಹಳೆಯ ಕಾಲದಂತೆ ಪ್ರಾಣಿಯ ಕರುಳಿನವು, ಅವಕ್ಕೆ ಬಲವಂತ ಒಗ್ಗುವುದೂ ಇಲ್ಲ.

ಅಳುಕು ಕಳೆದದ್ದು ತಾರೀಖುಗಳನ್ನು ಓದಿದಾಗ. 1694ರ ಏಪ್ರಿಲ್ 30ಕ್ಕೆ ಮೇರಿಗೆ 32 ತುಂಬಿತು. ಅದೇ ಡಿಸೆಂಬರ್ 28ರಂದು ಸಿಡುಬಿನಿಂದ ತೀರಿಕೊಂಡಳು. ಮರುವರ್ಷದ ಮಾರ್ಚ್‌ನಲ್ಲಿ ನಡೆದ ಅವಳ ಅಂತ್ಯಕ್ರಿಯೆಗೂ ಪರ್ಸೆಲ್‌ನದೇ ಸಂಗೀತ. ಅದೇ ವರ್ಷದ ನವೆಂಬರ್‌ನಲ್ಲಿ ಅವನೂ ಹೋದ, 36ನೇ ವಯಸ್ಸಿಗೆ. ಆಮೇಲೆ ಆ ಹೊಗಳಿಕೆ ನನ್ನ ಕಿವಿಗೆ ಹಾರೈಕೆಯಾಗಿಯೇ ಕೇಳಿಸಿತು. ಕಛೇರಿಯ ದಿನ ಹಾಗೆಯೇ ನುಡಿಸಿದೆ.

ಮುಂದಿನ ಕಾರ್ಯಕ್ರಮದಲ್ಲಿ ನಮ್ಮ ತಂಡ ಆ ಅಂತ್ಯಕ್ರಿಯೆಯ ಸಂಗೀತವನ್ನು ನುಡಿಸಲಿದೆ. ಅದರ ಮೆರವಣಿಗೆಯ ನಡೆ ನಾಲ್ಕು ಟ್ರಂಪೆಟ್‌ಗಳಿಗೆ ಬರೆದದ್ದು. ಚೆಲ್ಲೊವನ್ನು ಪಕ್ಕಕ್ಕೊರಗಿಸಿ ಕೇಳುತ್ತಾ ಕೂರುತ್ತೇನೆ.