ಹೊಂಡದ ನೀರು ಅಲುಗುತ್ತಿರಲಿಲ್ಲ, 5 ವೋಲ್ಟ್ ಅಲುಗುತ್ತಿತ್ತು

ನಮ್ಮ ಕೃಷಿ ಹೊಂಡ ತುಂಬಿದಾಗ ಬೋರಿನ ಮೋಟಾರು ತಾನಾಗಿ ನಿಲ್ಲಲಿ ಎಂದು ಒಂದು ಬೋರ್ಡ್ ಮಾಡಿದ್ದೆ. ಸೋಲಾರ್ ಬ್ಯಾಟರಿಯ 12 ವೋಲ್ಟನ್ನು 5ಕ್ಕೆ ಇಳಿಸಲು ಎಲ್‌ಎಂ2596 ಮಾಡ್ಯೂಲ್, ಲೆಕ್ಕ ನೋಡಲು ಆರ್ಡುಯಿನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್, ಸಣ್ಣ ವೈಫೈ ಕ್ಯಾಮೆರಾ, ಮೋಟಾರಿನ ಸ್ವಿಚ್ಚಾಗಿ ರಿಲೇ. ಎಲ್ಲ ಸೇರಿ ಅರ್ಧ ಆಂಪಿಯರ್. ಹೊಂಡದ ತಳದಲ್ಲಿ 5 ಮೀಟರ್‌ವರೆಗೆ ಅಳೆಯುವ ಪ್ರೆಷರ್ ಸೆನ್ಸರ್.

ಗಾಳಿಯೇ ಇಲ್ಲದ ರಾತ್ರಿಯಲ್ಲೂ ಮಟ್ಟ ನಾಲ್ಕು ಸೆಂಟಿಮೀಟರ್ ಮೇಲೆ ಕೆಳಗೆ ಹಾರುತ್ತಿತ್ತು. ಗಡಿಯ ಹತ್ತಿರ ಬಂದಾಗ ರಿಲೇ ಟಕ ಟಕ ಎಂದು ಬಡಿದುಕೊಳ್ಳುತ್ತಿತ್ತು. ಹಾಗೇ ಬಿಟ್ಟರೆ ಮೋಟಾರು ಸುಟ್ಟುಹೋಗುತ್ತದೆ, ಅಲ್ವಾ? ಒಂದು ಸುಳಿವು ಮಾತ್ರ ಇತ್ತು: ನೀರು ಏರಿದಷ್ಟೂ ಹಾರಾಟ ಜಾಸ್ತಿ. ಅಂದರೆ ತಪ್ಪು ಸೆನ್ಸರಿನಲ್ಲಿ ಅಲ್ಲ, ಅಳತೆಗೋಲಿನಲ್ಲಿ. ಸೆನ್ಸರಿನ ವೋಲ್ಟೇಜನ್ನು ಹೋಲಿಸಿ ನೋಡಲು ಆರ್ಡುಯಿನೊಗೆ 5 ವೋಲ್ಟೇ ಅಳತೆಗೋಲು. ಮಾಡ್ಯೂಲ್ 12 ವೋಲ್ಟನ್ನು ಸೆಕೆಂಡಿಗೆ ಒಂದೂವರೆ ಲಕ್ಷ ಸಲ ಆನ್-ಆಫ್ ಮಾಡಿ (ಇದೇ ಸ್ವಿಚಿಂಗ್) ಇಳಿಸುತ್ತದೆ. ಅಷ್ಟೇ ಸಲ ಅಳತೆಗೋಲು ಹಿಗ್ಗಿ ಕುಗ್ಗಿದರೆ ಅಳತೆ ಎಲ್ಲಿ ನಿಲ್ಲುತ್ತದೆ?

ವೋಲ್ಟೇಜಿನ ಏರಿಳಿತವನ್ನು ಪರದೆಯಲ್ಲಿ ತೋರಿಸುವ ಆಸಿಲೋಸ್ಕೋಪ್ ಹಚ್ಚಿದೆ. 5 ವೋಲ್ಟಿನ ಮೇಲಿನ ಕುಣಿತ, ಅಂದರೆ ರಿಪಲ್, 180 ಮಿಲಿವೋಲ್ಟ್! ಆದರೆ ಅದರಲ್ಲಿ ಹೆಚ್ಚಿನ ಪಾಲು ಸುಳ್ಳು. ಪ್ರೋಬಿನ ಉದ್ದನೆಯ ಗ್ರೌಂಡ್ ವೈರು ಒಂದು ಸುತ್ತಾಗಿ, ಸ್ವಿಚಿಂಗ್ ಗಲಾಟೆಯನ್ನು ಆಂಟೆನಾ ಹಾಗೆ ಹಿಡಿಯುತ್ತದೆ. ಆ ವೈರು ಕಳಚಿ, ಪ್ರೋಬಿನ ಮೂತಿಗೆ ಗಿಡ್ಡ ಸ್ಪ್ರಿಂಗ್ ಸುತ್ತಿ, ಮಾಡ್ಯೂಲಿನ ಔಟ್‌ಪುಟ್‌ನಲ್ಲಿ ಚಾರ್ಜ್ ಹಿಡಿದಿಡುವ ಕೆಪ್ಯಾಸಿಟರಿನ ಕಾಲುಗಳ ಮೇಲೇ ಇಟ್ಟೆ. ತೀರಾ ವೇಗದ ಗಲಾಟೆ ಬಿಟ್ಟುಹೋಗಲಿ ಎಂದು ಸ್ಕೋಪಿಗೆ 20 ಮೆಗಾಹರ್ಟ್ಸ್ ಮಿತಿ ಹಾಕಿದೆ. ಉಳಿದದ್ದು 60. ರಿಪಲ್ ಅಳೆಯುವವರು ಮೊದಲು ಈ ಕೆಲಸ ಮಾಡಿ. ಇಲ್ಲದಿದ್ದರೆ ಇಲ್ಲದ ರೋಗಕ್ಕೆ ಮದ್ದು ಹುಡುಕುತ್ತೀರಿ.

ನಂತರ 1000 ಮೈಕ್ರೋಫ್ಯಾರಡ್‌ನ ಸಾದಾ ಕೆಪ್ಯಾಸಿಟರನ್ನು ಗೇಣುದ್ದದ ವೈರಿನಲ್ಲಿ ಸೇರಿಸಿದೆ. ಹತ್ತು ಮಿಲಿವೋಲ್ಟೂ ಇಳಿಯಲಿಲ್ಲ. ಆಗ ಕಾಗದ ತೆಗೆದು ಕೂತೆ. ಮಾಡ್ಯೂಲಿನ ಇಂಡಕ್ಟರ್ (ಕರೆಂಟಿನ ಏರಿಳಿತಕ್ಕೆ ಅಡ್ಡಿ ಕೊಡುವ ತಂತಿಯ ಸುರುಳಿ) 33 ಮೈಕ್ರೋಹೆನ್ರಿ, ಸ್ವಿಚಿಂಗ್ 150 ಕಿಲೋಹರ್ಟ್ಸ್. ಇಂಡಕ್ಟರಿನ ಕರೆಂಟ್ ಸುಮಾರು 0.6 ಆಂಪಿಯರ್ ಏರಿಳಿಯುತ್ತದೆ. ಅದನ್ನು 220 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ತುಂಬಿಕೊಂಡು ಖಾಲಿ ಮಾಡುವುದರಿಂದ ಆಗುವ ರಿಪಲ್ ಬರೀ 2 ಮಿಲಿವೋಲ್ಟ್ ಚಿಲ್ಲರೆ. ಉಳಿದದ್ದೆಲ್ಲ ಕೆಪ್ಯಾಸಿಟರಿನ ಒಳಗಿನ ರೆಸಿಸ್ಟೆನ್ಸಿನದು, ಅಂದರೆ ಇಎಸ್‌ಆರ್‌ನದು. 0.1 ಓಮ್ ಇದ್ದರೆ 60 ಮಿಲಿವೋಲ್ಟ್. ಲೆಕ್ಕ ಸರಿಯಾಗಿ ಕೂತಿತು. ಮೈಕ್ರೋಫ್ಯಾರಡ್ ಏರಿಸುತ್ತಾ ಹೋಗುವುದು ಸುಮ್ನೆ ದುಡ್ಡು ದಂಡ.

ಹಾಗಾದರೆ ಇಎಸ್‌ಆರ್ ತೀರಾ ಕಡಿಮೆ ಇರುವ ಸೆರಾಮಿಕ್ ಕೆಪ್ಯಾಸಿಟರ್ ಒಂದನ್ನೇ ಹಾಕಬಹುದೇ? ಎಲ್‌ಎಂ2596 ಚಿಪ್ಪಿಗೆ ಬೇಡ. ಇದು ಹಳೆಯ ವಿನ್ಯಾಸ, ಔಟ್‌ಪುಟ್ ನೋಡಿ ತನ್ನನ್ನೇ ತಿದ್ದಿಕೊಳ್ಳುವ ಅದರ ಫೀಡ್‌ಬ್ಯಾಕ್ ಸ್ಥಿರವಾಗಿರಲು ಸ್ವಲ್ಪ ಇಎಸ್‌ಆರ್ ಬೇಕು. ಇಲ್ಲದಿದ್ದರೆ ಔಟ್‌ಪುಟ್ ತೂಗಾಡಲು ಶುರುಮಾಡುತ್ತದೆ.

ನಾನು ಮಾಡಿದ್ದು ಇಷ್ಟೇ. ಮಾಡ್ಯೂಲಿನ ಕೆಪ್ಯಾಸಿಟರನ್ನು ಮುಟ್ಟದೆ, ಅದರ ಮುಂದೆ 10 ಮೈಕ್ರೋಹೆನ್ರಿಯ ಇನ್ನೊಂದು ಇಂಡಕ್ಟರ್, ಅದರಾಚೆ 100 ಮೈಕ್ರೋಫ್ಯಾರಡ್‌ನ ಲೋ ಇಎಸ್‌ಆರ್ ಕೆಪ್ಯಾಸಿಟರ್ ಸೇರಿಸಿದೆ. 150 ಕಿಲೋಹರ್ಟ್ಸ್‌ನಲ್ಲಿ ಈ ಇಂಡಕ್ಟರ್ 9 ಓಮ್‌ಗಿಂತ ಹೆಚ್ಚು ಅಡ್ಡಿ ಕೊಡುತ್ತದೆ. ಏರಿಳಿಯದ ಡಿಸಿ ಕರೆಂಟಿಗೆ ಮಾತ್ರ ಹೆಚ್ಚುಕಡಿಮೆ ದಾರಿ ತೆರೆದೇ ಇರುತ್ತದೆ. ಇಂಡಕ್ಟರ್ ಕೊಳ್ಳುವಾಗ ಅದು ಎಷ್ಟು ಕರೆಂಟ್ ತಾಳಿಕೊಳ್ಳುತ್ತದೆ ನೋಡಿ. ನಾನು 2 ಆಂಪಿಯರಿನದು ತಂದೆ. ಫೀಡ್‌ಬ್ಯಾಕ್ ವೈರು ಹಳೆಯ ಜಾಗದಲ್ಲೇ, ಹೊಸ ಫಿಲ್ಟರಿಗಿಂತ ಹಿಂದೆಯೇ ಇರಲಿ. ಮುಂದಕ್ಕೆ ಎಳೆದರೆ ಮತ್ತೆ ಅದೇ ತೂಗಾಟ. ಕೊನೆಗೆ, ಚೂಪು ಸ್ಪೈಕ್‌ಗಳಿಗಾಗಿ ಆರ್ಡುಯಿನೊದ ಪಕ್ಕದಲ್ಲೇ 0.1 ಮೈಕ್ರೋಫ್ಯಾರಡ್ ಸೆರಾಮಿಕ್ ಒಂದು.

ಹತ್ತು ಸಲ ಓದಿ ಸರಾಸರಿ ತೆಗೆದರೆ ಸಾಕಿತ್ತಲ್ಲ ಎಂದು ಗೆಳೆಯರೊಬ್ಬರು ಕೇಳಿದರು. ಅಂಕಿ ನೆಟ್ಟಗಾಗುತ್ತಿತ್ತು, ನಿಜ. ಆದರೆ 5 ವೋಲ್ಟ್ ಲೈನು ಹಾಗೇ ಕುಣಿಯುತ್ತಿತ್ತು, ಆ ಲೈನಿನಲ್ಲಿ ಕ್ಯಾಮೆರಾವೂ ಇದೆ. ಬೇರಿನಲ್ಲೇ ಸರಿಮಾಡುವುದು ನನಗೆ ಇಷ್ಟ.

ಈಗ ಸ್ಪ್ರಿಂಗ್ ಪ್ರೋಬಿನಲ್ಲಿ 5 ಮಿಲಿವೋಲ್ಟ್ ಕಾಣುತ್ತದೆ. ಓದು ಒಂದು ಸೆಂಟಿಮೀಟರಿನೊಳಗೆ ನಿಂತಿದೆ. ಹೊಂಡ ತುಂಬಿದಾಗ ರಿಲೇ ಒಂದೇ ಸಲ ಟಕ್ ಅನ್ನುತ್ತದೆ.