42 ಮಕ್ಕಳಲ್ಲಿ 41 ಜನ ಸಿಕ್ಕ ದಿನ

ನಮ್ಮ ಬೇಸಿಗೆ ಶಿಬಿರ ನಡೆಯುವುದು ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿ ಶಾಲೆಯ ಮೈದಾನದಲ್ಲಿ. 10 ದಿನ, 8ರಿಂದ 14 ವರ್ಷದ ಮಕ್ಕಳು. ಮೈದಾನದ ಬೇಲಿಯಾಚೆ ತೆಂಗಿನ ತೋಟ. ತೋಟದಾಚೆ ವಿಶ್ವೇಶ್ವರಯ್ಯ ನಾಲೆಯ ಒಂದು ಕವಲು. ಆ ವರ್ಷ ಶಿಬಿರ ಶುರುವಾದಾಗ ನಾಲೆ ಒಣಗಿತ್ತು. ಮಕ್ಕಳು ಅದರೊಳಗೆ ಇಳಿದು ಬಣ್ಣದ ಕಲ್ಲು ಆರಿಸಿಕೊಂಡು ಬಂದಿದ್ದರು. ಹೋಗಿ ಬನ್ನಿ ಅಂದವನು ನಾನೇ.

ನಾಲ್ಕನೇ ದಿನ ಮಧ್ಯಾಹ್ನ ಊಟಕ್ಕೆ ಕೂರಿಸಿ ಎಣಿಸಿದೆ. 41. ಇನ್ನೊಂದು ಸಲ ಎಣಿಸಿದೆ. ಮತ್ತೆ 41. ಸಾಲಿನ ಕೊನೆಯಲ್ಲಿದ್ದ ಹುಡುಗಿ ಅನ್ನ ಕಲಸುತ್ತಾ, "ಸಾರ್, ಅವ್ನು ಬಾಲ್ ತರಕ್ಕೆ ಹೋದ" ಅಂದಳು.

ಓಡಿದೆ. ತೋಟದ ಮಧ್ಯಕ್ಕೆ ಬರುವಾಗಲೇ ನೀರಿನ ಸದ್ದು ಕೇಳಿಸಿತು. ಹಿಂದಿನ ರಾತ್ರಿ ಕಟ್ಟು ನೀರು, ಅಂದರೆ ಸರದಿ ಪ್ರಕಾರ ಬಿಡುವ ನೀರು, ಬಿಟ್ಟಿದ್ದರು. ಹುಡುಗ ನಾಲೆಯ ಮೆಟ್ಟಿಲಿನ ಕೊನೆಯ ಕಲ್ಲಿನ ಮೇಲೆ ಕುಕ್ಕರುಗಾಲಲ್ಲಿ ಕೂತಿದ್ದ. ಕಲ್ಲಿನ ಮೇಲೆ ಹಸಿರು ಪಾಚಿ. ಒಣಗಿದ ತೆಂಗಿನ ಗರಿ ಹಿಡಿದು, ಬಗ್ಗಿ, ಬಾಲನ್ನು ದಡಕ್ಕೆ ಎಳೆಯಲು ನೋಡುತ್ತಿದ್ದ. ಹೆಸರು ಹಿಡಿದು ಕೂಗಬೇಕು ಅನ್ನಿಸಿತು, ಕೂಗಲಿಲ್ಲ. ಬೆಚ್ಚಿಬಿದ್ದು ಜಾರಿಬಿಟ್ಟರೆ? ಚಪ್ಪಲಿ ಬಿಟ್ಟು ಮೆಲ್ಲಗೆ ಇಳಿದೆ. ಹಿಂದಿನಿಂದ ಅಂಗಿಯ ಕಾಲರ್ ಹಿಡಿದೆ. ಅವನು ತಿರುಗಿ ನೋಡಿ ನಕ್ಕ. ನನ್ನ ಕೈ ಮಾತ್ರ ಸಂಜೆಯವರೆಗೂ ನಡುಗುತ್ತಲೇ ಇತ್ತು.

ಆಮೇಲೆ ಎಲ್ಲರನ್ನೂ ಕೇಳಿ ಲೆಕ್ಕ ಹಾಕಿದೆ. ಆ ಹುಡುಗ ನಮ್ಮ ಕಣ್ಣಿಗೆ ಬೀಳದೆ 11 ನಿಮಿಷ ಆಗಿತ್ತು. ಈ ನಾಲೆಯ ನೋವು ನಮ್ಮ ಕಡೆಯವರಿಗೆ ಹೊಸದಲ್ಲ. 2018ರ ನವೆಂಬರ್ 24ರಂದು ಕನಗನಮರಡಿ ಹತ್ತಿರ ಬಸ್ಸು ಇದೇ ನಾಲೆಗೆ ಬಿದ್ದು 30 ಜನ ಹೋದರು, ಅದರಲ್ಲಿ ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು. ಅದೆಲ್ಲ ಗೊತ್ತಿದ್ದೂ ನಾನು ಒಣ ನಾಲೆಯನ್ನು ಆಟದ ಜಾಗ ಅಂದುಕೊಂಡಿದ್ದೆ.

ಸಂಜೆ ಹುಡುಗನ ತಾಯಿಗೆ ನಡೆದದ್ದನ್ನು ನಡೆದ ಹಾಗೇ ಹೇಳಿದೆ. ಅವರು ಬೈಯಲಿಲ್ಲ. "ನಾಳೆ ಕಳಿಸ್ಲಾ ಬೇಡ್ವಾ, ನೀವೇ ಹೇಳಿ" ಅಂದರು. ಆ ಪ್ರಶ್ನೆಗೆ ಅವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ.

ಶಿಬಿರ ಮುಗಿದ ಮೇಲೆ ಮಂಡ್ಯದಲ್ಲಿ ಪರಿಚಯದ ವಕೀಲರೊಬ್ಬರನ್ನು ಕಾಣಲು ಹೋದೆ. ನಮ್ಮ ಒಪ್ಪಿಗೆ ಪತ್ರ ತೋರಿಸಿದೆ. ಅದರ ಕೊನೆ ಸಾಲು, ನೀವೂ ನೋಡಿರುತ್ತೀರಿ: "ಏನೇ ಅನಾಹುತವಾದರೂ ಶಿಬಿರದವರು ಜವಾಬ್ದಾರರಲ್ಲ." ಅವರು ಕೆಂಪು ಪೆನ್ನಿನಿಂದ ಆ ಸಾಲನ್ನು ಹೊಡೆದುಹಾಕಿದರು. ತಂದೆ ತಾಯಿ ಸಹಿ ಹಾಕಿದ ಮಾತ್ರಕ್ಕೆ ನಮ್ಮ ನಿರ್ಲಕ್ಷ್ಯ ಮಾಫಿ ಆಗುವುದಿಲ್ಲ, ಇದನ್ನು ನಂಬಿಕೊಂಡು ಕೂರಬೇಡಿ ಅಂದರು. ಆಮೇಲೆ 1995ರ ಒಂದು ಘಟನೆ ಹೇಳಿದರು. ಪಂಜಾಬಿನ ಪಠಾಣ್‌ಕೋಟ್ ಕಡೆಯ ಒಂದು ಶಾಲೆಯ ಮಕ್ಕಳು ಪಿಕ್ನಿಕ್‌ಗೆ ಬಿಯಾಸ್ ನದಿ ದಡಕ್ಕೆ ಹೋಗಿದ್ದರು. 14 ಮಕ್ಕಳು ಮುಳುಗಿ ಸತ್ತರು. ಪ್ರಕರಣ ಸುಪ್ರೀಂ ಕೋರ್ಟ್ ತನಕ ಹೋಯಿತು. ಜೊತೆಗಿದ್ದ ಶಿಕ್ಷಕರು ಎಚ್ಚರ ತಪ್ಪಿದರೆ ಅದಕ್ಕೆ ಆಡಳಿತ ಮಂಡಳಿಯೂ ಹೊಣೆ ಅಂತ 2001ರಲ್ಲಿ ತೀರ್ಪಾಯಿತು. ಒಂದೊಂದು ಮಗುವಿಗೆ 5 ಲಕ್ಷ ರೂಪಾಯಿ ಪರಿಹಾರ. ಅದು ಸಿವಿಲ್ ಹೊಣೆ. ಈಗಿನ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಪ್ರಕಾರ ನಿರ್ಲಕ್ಷ್ಯದಿಂದ ಸಾವಾದರೆ 5 ವರ್ಷದವರೆಗೆ ಜೈಲು. ಹಳೆಯ ಐಪಿಸಿಯಲ್ಲಿ 2 ವರ್ಷ ಇತ್ತು.

ನಾನು ಹೆದರಿದೆ, ನಿಜ. ಆದರೆ ಅವರು ಕೇಳಿದ ಇನ್ನೊಂದು ಪ್ರಶ್ನೆ ಹೆಚ್ಚು ಉಪಯೋಗಕ್ಕೆ ಬಂತು. "ನಾಲೆಗೆ ನೀರು ಯಾವಾಗ ಬಿಡ್ತಾರೆ ಅಂತ ಯಾರನ್ನಾದರೂ ಕೇಳಿದ್ರಾ? ಕೇಳಿದ್ದರೆ ಎಲ್ಲಿ ಬರೆದಿಟ್ಟಿದ್ದೀರಿ?" ಯಾರನ್ನೂ ಕೇಳಿರಲಿಲ್ಲ. ಅಪಾಯ ಮೊದಲೇ ಊಹಿಸಬಹುದಿತ್ತಾ, ಊಹಿಸಿದ್ದರೆ ಏನು ಮಾಡಿದಿರಿ ಅಂತಲೇ ಕೋರ್ಟ್ ಕೇಳುವುದು. ಯೋಚಿಸಿದರೆ ಆ ತಾಯಿ ಕೇಳಿದ್ದೂ ಅದನ್ನೇ ಅಲ್ವಾ?

ಈಗ ಶಿಬಿರದ ದಿನಗಳಲ್ಲಿ ಬೆಳಿಗ್ಗೆ 7 ಗಂಟೆಗೆ ಊರಿನ ನೀರುಗಂಟಿಗೆ, ಅಂದರೆ ನಾಲೆಯ ನೀರು ನೋಡಿಕೊಳ್ಳುವವರಿಗೆ, ಫೋನ್ ಮಾಡುತ್ತೇನೆ. ಇವತ್ತು ನೀರು ಇದೆಯಾ, ಬರುತ್ತದಾ, ಯಾವ ಕಟ್ಟು? ಉತ್ತರವನ್ನು ಪುಸ್ತಕದಲ್ಲಿ ಸಮಯದ ಸಮೇತ ಬರೆಯುತ್ತೇನೆ. ನೀರಿದ್ದರೆ ಬೇಲಿಗೆ ಕೆಂಪು ಬಟ್ಟೆ. ನೀರಿಲ್ಲದಿದ್ದರೂ ಬೇಲಿ ದಾಟುವಂತಿಲ್ಲ. ಬೇಲಿ ಪಕ್ಕದ ಮಾವಿನ ಮರದಲ್ಲಿ 15 ಮೀಟರ್ ಹಗ್ಗ ನೇತುಹಾಕಿ, ಅದರ ತುದಿಗೆ ಮುಚ್ಚಳ ಬಿಗಿಮಾಡಿದ 5 ಲೀಟರಿನ ಖಾಲಿ ಎಣ್ಣೆ ಕ್ಯಾನು ಕಟ್ಟಿದ್ದೇವೆ. ಯಾರಾದರೂ ಬಿದ್ದರೆ ಹಿಂದೆ ಧುಮುಕಬಾರದು, ಕ್ಯಾನು ಎಸೆಯಬೇಕು. ಈಜು ಬರುವವರೂ ಮುಳುಗುವವರ ಹಿಡಿತಕ್ಕೆ ಸಿಕ್ಕಿ ಸಾಯುತ್ತಾರೆ. ಕ್ಯಾನಿನೊಳಗೆ ಸ್ವಲ್ಪ ನೀರು ಬಿಡಬೇಕು, ಇಲ್ಲದಿದ್ದರೆ ಗಾಳಿಗೆ ದೂರ ಹೋಗುವುದಿಲ್ಲ. ಇದು ನಾಲ್ಕೈದು ಸಲ ಎಸೆದು ನೋಡಿದ ಮೇಲೆ ಗೊತ್ತಾಗಿದ್ದು.

ಎಣಿಕೆಯೂ ಬದಲಾಯಿತು. ಮೊದಲು ಊಟದ ಹೊತ್ತಿಗೆ ಒಬ್ಬರು ತಲೆ ಎಣಿಸಿದರೆ ಆಯಿತು ಅಂತಿತ್ತು. ಈಗ 7 ಮಕ್ಕಳಿಗೆ ಒಬ್ಬರು ದೊಡ್ಡವರು. ಪ್ರತಿ ಮಗುವಿಗೂ ಒಂದು ನಂಬರ್, ಒಂದು ಜೋಡಿ. ಜಾಗ ಬದಲಾದಾಗಲೆಲ್ಲ, ಅಂದರೆ ಆಟದಿಂದ ನೆರಳಿಗೆ, ನೆರಳಿಂದ ಊಟಕ್ಕೆ ಹೋಗುವಾಗ ಮಕ್ಕಳೇ ನಂಬರ್ ಕೂಗುತ್ತಾರೆ. ಜೋಡಿ ಕಾಣದಿದ್ದರೆ ತಕ್ಷಣ ಹೇಳಬೇಕು, ಅದನ್ನು ಚಾಡಿ ಅಂತ ಯಾರೂ ಅನ್ನಬಾರದು. ಅವತ್ತು ಆ ಹುಡುಗಿಗೆ ಮೊದಲೇ ಗೊತ್ತಿತ್ತು. ಹೇಳಬೇಕು ಅಂತ ನಾವು ಅವಳಿಗೆ ಹೇಳಿಕೊಟ್ಟಿರಲಿಲ್ಲ.

ಒಪ್ಪಿಗೆ ಪತ್ರವನ್ನು ಬಿಸಾಡಲಿಲ್ಲ, ತಿರುಗಿಸಿ ಬರೆದೆವು. ಈಗ ಅದರಲ್ಲಿ ನಾವು ಮಕ್ಕಳನ್ನು ಎಲ್ಲಿಗೆ ಕರೆದೊಯ್ಯುತ್ತೇವೆ, ಅಲ್ಲಿ ಏನು ಅಪಾಯ ಇದೆ ಅಂತ ನಾವೇ ಬರೆದಿರುತ್ತೇವೆ. ಮಗುವಿಗೆ ಫಿಟ್ಸ್, ಉಬ್ಬಸ, ಅಲರ್ಜಿ ಇದೆಯಾ, ಯಾವ ಮಾತ್ರೆ, ಸಂಜೆ ಕರೆದುಕೊಂಡು ಹೋಗಲು ಯಾರು ಬರಬಹುದು ಅಂತ ಪೋಷಕರು ತುಂಬುತ್ತಾರೆ. ಪಟ್ಟಿಯಲ್ಲಿ ಹೆಸರಿಲ್ಲದವರ ಜೊತೆ ಕಳಿಸುವುದಿಲ್ಲ. ಒಮ್ಮೆ ಒಂದು ಮಗುವಿನ ಸ್ವಂತ ಸೋದರಮಾವನನ್ನೇ ಗೇಟಿನಲ್ಲಿ ನಿಲ್ಲಿಸಿ, ತಾಯಿಗೆ ಫೋನ್ ಹಚ್ಚಿದೆ. ಆತನಿಗೆ ಸಿಟ್ಟು ಬಂತು. ಬರಲಿ.

ಹಾವಿನ ವಿಷಯ ಬಿಡುವ ಹಾಗಿಲ್ಲ. ಸುತ್ತ ಕಬ್ಬು, ಗದ್ದೆ, ಇಲಿ. ಶಿಬಿರಕ್ಕೆ ವಾರ ಮುಂಚೆ ತಾಲ್ಲೂಕು ಆಸ್ಪತ್ರೆಗೆ ಹೋಗಿ ಹಾವಿನ ವಿಷಕ್ಕೆ ಕೊಡುವ ಔಷಧಿ ದಾಸ್ತಾನು ಇದೆಯಾ ಅಂತ ಕೇಳಿ ಬರುತ್ತೇನೆ. ಮೈದಾನದಿಂದ ಅಲ್ಲಿಗೆ ಎಷ್ಟು ನಿಮಿಷ ಅಂತ ಗಾಡಿ ಓಡಿಸಿಯೇ ನೋಡುತ್ತೇನೆ. ಸ್ವಯಂಸೇವಕರಿಗೆ ಹೇಳುವುದು ಇಷ್ಟೇ: ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ನಾಟಿ ಮದ್ದು ಅಂತ ಹೊತ್ತು ಕಳೆಯಬೇಡಿ. ಕಚ್ಚಿದ ಕೈಯೋ ಕಾಲೋ ಅಲುಗದ ಹಾಗೆ ಇಟ್ಟುಕೊಂಡು ಆಸ್ಪತ್ರೆಗೆ ಹೊರಡಿ, 108ಕ್ಕೆ ಫೋನ್ ಮಾಡಿ. ಕುಂತಿಬೆಟ್ಟಕ್ಕೆ ಹೋಗುವುದಾದರೆ ಹಿಂದಿನ ದಿನ ನಾನೊಬ್ಬನೇ ಹತ್ತಿ ಬಂಡೆ ಸಂದಿಯಲ್ಲಿ ಹೆಜ್ಜೇನು ಕಟ್ಟಿದೆಯಾ ನೋಡಿ ಬರುತ್ತೇನೆ. ಕಟ್ಟಿದ್ದರೆ ಹತ್ತುವುದೇ ಇಲ್ಲ.

ಇನ್ನೊಂದು ಮಾತು. ಇದನ್ನು ಸಭೆಯಲ್ಲಿ ಹೇಳಲು ಜನ ಮುಜುಗರಪಡುತ್ತಾರೆ, ಆದರೂ ಹೇಳಲೇಬೇಕು. ಮಗು "ಆ ಅಣ್ಣ ಮುಟ್ಟಿದ" ಅಂತ ಹೇಳಿದರೆ ನಾವು ಪಂಚಾಯ್ತಿ ಮಾಡುವ ಹಾಗಿಲ್ಲ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ತನ್ನ ಕೈಕೆಳಗಿನವರ ವಿಷಯವನ್ನು ಸಂಸ್ಥೆಯ ಮುಖ್ಯಸ್ಥ ತಿಳಿಸದೆ ಮುಚ್ಚಿಟ್ಟರೆ 1 ವರ್ಷದವರೆಗೆ ಜೈಲು ಮತ್ತು ದಂಡ. ಸಹಾಯಕ್ಕೆ ಮಕ್ಕಳ ಸಹಾಯವಾಣಿ 1098 ಇದೆ. ನಮ್ಮಲ್ಲಿ ಯಾವ ಸ್ವಯಂಸೇವಕರೂ ಒಂದು ಮಗುವಿನ ಜೊತೆ ಒಂಟಿಯಾಗಿ ಕೋಣೆಯಲ್ಲಿ ಇರುವಂತಿಲ್ಲ, ಮಕ್ಕಳಿಗೆ ಖಾಸಗಿ ವಾಟ್ಸಾಪ್ ಮಾಡುವಂತಿಲ್ಲ. ಪೊಲೀಸ್ ಪರಿಶೀಲನೆ ಪತ್ರ ಇಲ್ಲದೆ ಯಾರನ್ನೂ ಸೇರಿಸಿಕೊಳ್ಳುವುದಿಲ್ಲ. ಸುಮ್ನೆ ಅನುಮಾನ ಪಡ್ತೀರಿ ಅಂತ ಕೆಲವರು ಬಿಟ್ಟು ಹೋದರು.

ನಾಲೆ ನೀರಿನ ವಿಷಯ ಬರೆದಿಡುವ ಆ ಪುಸ್ತಕದ ಹಿಂಭಾಗಕ್ಕೆ "ಸ್ವಲ್ಪದರಲ್ಲಿ ತಪ್ಪಿದ್ದು" ಅಂತ ಹೆಸರಿಟ್ಟಿದ್ದೇವೆ. ಗಾಯ ಆಗದಿದ್ದರೂ ಬರೆಯಬೇಕು. ನೆಲಕ್ಕೆ ಊರದೆ ಇಟ್ಟಿದ್ದ ಗೋಲ್ ಕಂಬ ಅಲುಗಾಡಿದ್ದು, ಸಂಪಿನ ಮುಚ್ಚಳ ಸರಿದಿದ್ದು, ಬೋರ್‌ವೆಲ್ ಮೋಟಾರಿನ ವೈರ್ ಸುಲಿದಿದ್ದು. ಪಕ್ಕದಲ್ಲಿ ಸರಿಮಾಡಿದವರ ಸಹಿ, ದಿನಾಂಕ. ಮೊದಲ ಪುಟದಲ್ಲಿ ಆ 11 ನಿಮಿಷದ ಕಥೆ ಇದೆ. ಹೊಸದಾಗಿ ಬರುವ ಪ್ರತಿ ಸ್ವಯಂಸೇವಕರೂ ಅದನ್ನು ಓದಿಯೇ ಕೆಲಸ ಶುರುಮಾಡಬೇಕು.

ಈ ವರ್ಷ ಕೊನೆಯ ದಿನದ ರಾತ್ರಿ ವಾಸ್ತವ್ಯ ನಡೆಸಲಿಲ್ಲ. ಮಕ್ಕಳು ಅದಕ್ಕಾಗಿಯೇ ಕಾಯುತ್ತಾರೆ, ತುಂಬಾ ಬೇಜಾರಾದರು. ಹೆಣ್ಣುಮಕ್ಕಳ ಕೋಣೆಯಲ್ಲಿ ಇಬ್ಬರು ಮಹಿಳೆಯರು ಇರಲೇಬೇಕು ಅಂತ ನಾವೇ ಬರೆದುಕೊಂಡಿದ್ದೇವೆ, ಒಬ್ಬರೇ ಸಿಕ್ಕರು. ಮುಂದಿನ ಏಪ್ರಿಲ್‌ಗೆ ಇನ್ನೊಬ್ಬರನ್ನು ಈಗಿನಿಂದಲೇ ಹುಡುಕುತ್ತಿದ್ದೇನೆ.